ಸೊಪ್ಪಿನ ಲೆಕ್ಕ ಮತ್ತು ಬಡತನ ರೇಖೆ

ವಿಶ್ವಬ್ಯಾಂಕ್ ಲೆಕ್ಕದಲ್ಲಿ ಕಡುಬಡತನದ ರೇಖೆ ಈಗ ದಿನಕ್ಕೆ ತಲಾ 3 ಡಾಲರ್. ಇದನ್ನು ಬ್ಯಾಂಕಿನ ವಿನಿಮಯ ದರದಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಅಮೆರಿಕದಲ್ಲಿ 3 ಡಾಲರಿಗೆ ಬರುವಷ್ಟು ಸಾಮಾನನ್ನು ಭಾರತದಲ್ಲಿ ಕೊಳ್ಳಲು 2021ರಲ್ಲಿ ಸುಮಾರು 60 ರೂಪಾಯಿ ಬೇಕಿತ್ತು; ರೇಖೆ ಎಂದರೆ ಅದು. ಐದು ಜನರ ಮನೆಗೆ ತಿಂಗಳಿಗೆ 9,000 ರೂಪಾಯಿ. ಬಾಡಿಗೆಯೂ ಅದರಲ್ಲೇ ಆಗಬೇಕು. ಬೆಂಗಳೂರಿನಲ್ಲಿ ಶೀಟಿನ ಮನೆ ಹುಡುಕಿದವರಿಗೆ ಮಿಕ್ಕಿದ್ದನ್ನು ವಿವರಿಸಬೇಕಿಲ್ಲ.

2025ರ ಜೂನ್‌ನಲ್ಲಿ ರೇಖೆಯನ್ನು 2.15ರಿಂದ 3 ಡಾಲರಿಗೆ ಏರಿಸಿದಾಗ ಜಗತ್ತಿನ ಕಡುಬಡವರ ಸಂಖ್ಯೆ 22.6 ಕೋಟಿ ಹೆಚ್ಚಬೇಕಿತ್ತು. ಹೆಚ್ಚಿದ್ದು 12.5 ಕೋಟಿ ಮಾತ್ರ. ಉಳಿದದ್ದನ್ನು ತಗ್ಗಿಸಿದ್ದು ಬಹುಮಟ್ಟಿಗೆ ಮನೆಮನೆಯ ಖರ್ಚು ಕೇಳಿ ಬರೆದುಕೊಳ್ಳುವ ಭಾರತದ 2022-23ರ ಹೊಸ ಸಮೀಕ್ಷೆ.

ಸಮೀಕ್ಷೆಯಲ್ಲಿ ಬದಲಾದದ್ದು ಪ್ರಶ್ನೆ ಕೇಳುವ ರೀತಿ. ಹಿಂದೆ ಎಲ್ಲಕ್ಕೂ 'ಕಳೆದ 30 ದಿನದಲ್ಲಿ ಎಷ್ಟು ಖರ್ಚಾಯಿತು' ಎಂದು ಕೇಳುವ ಪದ್ಧತಿಯಿತ್ತು. ಅಕ್ಕಿ, ರಾಗಿಯನ್ನು ತಿಂಗಳಿಗೊಮ್ಮೆ ತರುವುದರಿಂದ ಅದು ನೆನಪಿರುತ್ತದೆ. ಸಂಜೆ ತಳ್ಳುಗಾಡಿಯಲ್ಲಿ ಕೊಂಡ ಎರಡು ಕಟ್ಟು ಸೊಪ್ಪು, ನಾಲ್ಕು ಮೊಟ್ಟೆ, ಕೆಲಸದ ನಡುವಿನ ಟೀ? ಒಂದು ತಿಂಗಳ ನಂತರ ಯಾರ ಬಾಯಲ್ಲೂ ಬರುವುದಿಲ್ಲ. ಹೊಸ ಪದ್ಧತಿಯಲ್ಲಿ ತರಕಾರಿ, ಮೊಟ್ಟೆ, ಮಾಂಸ, ಎಣ್ಣೆಗೆ 7 ದಿನ, ಬಟ್ಟೆ, ಶಾಲೆ ಫೀಸಿಗೆ 365 ದಿನ, ಧಾನ್ಯ, ಬಾಡಿಗೆಗೆ 30 ದಿನ. ಮರೆತ ಖರ್ಚು ಹೊರಬಂದಂತೆ ಕುಟುಂಬ ರೇಖೆ ದಾಟುತ್ತದೆ. ಅದರ ತಟ್ಟೆಯಲ್ಲಿ ಒಂದು ತುತ್ತೂ ಹೆಚ್ಚಿರುವುದಿಲ್ಲ.

ಹಾಗೆಂದು ಇಳಿಕೆಯೆಲ್ಲ ಲೆಕ್ಕದ ಆಟವಲ್ಲ. ಎರಡೂ ವರ್ಷಕ್ಕೆ ಇದೇ ಪದ್ಧತಿ ಹಿಡಿದರೂ ಭಾರತದ ಕಡುಬಡತನ 2011-12ರ ಶೇ 27.1ರಿಂದ 2022-23ರಲ್ಲಿ ಶೇ 5.3ಕ್ಕೆ ಇಳಿದಿದೆ. ಆದರೆ ಎರಡನೇ ಸಮೀಕ್ಷೆಯಲ್ಲಿ ಒಂದೇ ಮನೆಗೆ ಮೂರು ಸಲ ಹೋಗಿ ಖರ್ಚು ಕೇಳಿದ್ದಾರೆ, ಮೊದಲಿನದರಲ್ಲಿ ಒಂದೇ ಸಲ. ಹಾಗಾಗಿ ಈ ಹೋಲಿಕೆಯನ್ನೂ ಸ್ವಲ್ಪ ಸಡಿಲವಾಗಿಯೇ ಹಿಡಿಯಬೇಕು.

ಜಗತ್ತಿನ ಉಳಿದ ಕಡುಬಡವರಲ್ಲಿ ಹೆಚ್ಚಿನವರು ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿದ್ದಾರೆ. ಅಲ್ಲಿ ಮಳೆ ನಂಬಿದ ಬೇಸಾಯ, ಅಂತರ್ಯುದ್ಧ, ಜನಸಂಖ್ಯೆಗಿಂತ ನಿಧಾನವಾಗಿ ಬೆಳೆಯುವ ಉತ್ಪಾದನೆ ಒಂದರ ಮೇಲೊಂದು ಬೀಳುತ್ತವೆ.

ರೇಖೆಯ ಆಸುಪಾಸಿನಲ್ಲಿರುವ ಮನೆಯನ್ನು ಕೆಳಕ್ಕೆಳೆಯುವುದು ಎಷ್ಟೋ ಸಲ ಕಾಯಿಲೆ. ವಿಚಿತ್ರವೆಂದರೆ, ನಮ್ಮ ಸಮೀಕ್ಷೆ ಅಳೆಯುವುದು ಆದಾಯವನ್ನಲ್ಲ, ಖರ್ಚನ್ನು. ಆಸ್ಪತ್ರೆಯ ಬಿಲ್ಲೂ ಖರ್ಚೇ. ಬಡ್ಡಿಗೆ ಸಾಲ ತಂದು ಆಪರೇಷನ್ ಮಾಡಿಸಿದ ಗಾರೆ ಕೆಲಸದವನ ಮನೆ, ಆ ವರ್ಷ ರೇಖೆಯ ಮೇಲೆ ಕಾಣಿಸುತ್ತದೆ.