ಕರೆ ಕಚೇರಿಯದು, ದಂಡ ಚಾಲಕನದು

ಬೆಂಗಳೂರಿನ ಯಾವುದೇ ಸಿಗ್ನಲ್ಲಿನಲ್ಲಿ ನಿಂತು ಪಕ್ಕಕ್ಕೆ ಕಣ್ಣು ಹಾಯಿಸಿದರೆ, ಊಟದ ಪೊಟ್ಟಣ ಹೊತ್ತ ಸ್ಕೂಟರಿನ ಹ್ಯಾಂಡಲ್ಲಿಗೆ ಸಿಕ್ಕಿಸಿದ ಮೊಬೈಲಿನ ಮೇಲೆ ಸವಾರನ ಹೆಬ್ಬೆರಳು ಓಡುತ್ತಿರುವುದು ಕಾಣುತ್ತದೆ. ಹೋಲ್ಡರ್ ಇಲ್ಲದವರು ಫೋನನ್ನು ಹೆಲ್ಮೆಟ್ಟಿನೊಳಗೆ ಕೆನ್ನೆಗೆ ಒತ್ತಿ ತುರುಕಿಕೊಂಡು, ಗೇಟಿನ ಹತ್ತಿರ ಬರಬೇಕೇ ಲಿಫ್ಟಿನ ಹತ್ತಿರವೇ ಎಂದು ಗ್ರಾಹಕರನ್ನು ಕೇಳುತ್ತ ಹೋಗುತ್ತಾರೆ. ಕ್ಯಾಬಿನ ಚಾಲಕನಿಗೆ ಹೊಸ ಟ್ರಿಪ್ ಬಂದರೆ ಕೆಲವೇ ಸೆಕೆಂಡುಗಳಲ್ಲಿ ಒಪ್ಪಿಕೊಳ್ಳಬೇಕು, ತಡವಾದರೆ ಅದು ಬೇರೊಬ್ಬರ ಪಾಲು. ಇವರ ಪಾಲಿಗೆ ಫೋನ್ ಎಂಬುದು ಸ್ಟೇರಿಂಗ್, ಬ್ರೇಕುಗಳಂತೆಯೇ ಕೆಲಸದ ಸಲಕರಣೆ. ಹಾಗಿದ್ದೂ ವಾಹನ ಓಡಿಸುವಾಗ ಅದನ್ನು ಮುಟ್ಟಿದ್ದಕ್ಕೆ ಬೀಳುವ ದಂಡ ಚಾಲಕನ ಜೇಬಿನಿಂದಲೇ ಹೋಗುತ್ತದೆ. ಅದೇ ಹೊತ್ತಿಗೆ ಕರೆ ಮಾಡಿದ ಮೇಲ್ವಿಚಾರಕನಿಗಾಗಲಿ, ಆ್ಯಪ್ ನಡೆಸುವ ಕಂಪನಿಗಾಗಲಿ ಅದರ ಬಿಸಿ ತಟ್ಟುವುದಿಲ್ಲ.

1988ರ ಮೋಟಾರು ವಾಹನ ಕಾಯ್ದೆ ರಚನೆಯಾದಾಗ ದೇಶದಲ್ಲಿ ಮೊಬೈಲ್ ಸೇವೆಯೇ ಇರಲಿಲ್ಲ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕೇಂದ್ರ ಸಚಿವ ಸುಖ್ ರಾಮ್ ಅವರಿಗೆ ಮೊದಲ ಕರೆ ಮಾಡಿದ್ದು 1995ರ ಜುಲೈ 31ರಂದು. ಆಮೇಲೆ ಕೇಂದ್ರ ಮೋಟಾರು ವಾಹನ ನಿಯಮಗಳ 21ನೇ ನಿಯಮದಲ್ಲಿ, ಲೈಸೆನ್ಸಿಗೆ ಕುತ್ತು ತರಬಲ್ಲ ಕೃತ್ಯಗಳ ಪಟ್ಟಿಗೆ ಚಾಲನೆಯ ವೇಳೆ ಮೊಬೈಲ್ ಬಳಸುವುದೂ ಸೇರಿತು. ಅಪಾಯಕಾರಿ ಚಾಲನೆಯ 184ನೇ ಸೆಕ್ಷನ್ನಿನಲ್ಲಿ ಕೈಯಲ್ಲಿ ಹಿಡಿದು ಬಳಸುವ ಸಂಪರ್ಕ ಸಾಧನದ ಹೆಸರು ಸ್ಪಷ್ಟವಾಗಿ ಬಂದದ್ದು 2019ರ ತಿದ್ದುಪಡಿಯಲ್ಲಿ. ಮೊದಲ ಸಲದ ತಪ್ಪಿಗೆ 1,000ದಿಂದ 5,000 ರೂಪಾಯಿವರೆಗೆ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ಎರಡೂ ಎಂದು ಅದು ಹೇಳುತ್ತದೆ. ಕರ್ನಾಟಕ ನಿಗದಿಪಡಿಸಿದ ದಂಡ ದ್ವಿಚಕ್ರ ವಾಹನಗಳಿಗೆ 1,500, ಕಾರಿನಂಥ ಲಘು ವಾಹನಗಳಿಗೆ 3,000 ರೂಪಾಯಿ.

ಮರುವರ್ಷವೇ, 2020ರ ಅಕ್ಟೋಬರ್ 1ರಿಂದ, ಇನ್ನೊಂದು ನಿಯಮ ಜಾರಿಗೆ ಬಂತು: ಚಾಲಕನ ಏಕಾಗ್ರತೆಗೆ ಭಂಗ ಬಾರದ ಹಾಗೆ, ದಾರಿ ತಿಳಿಯುವುದಕ್ಕೆ ಮಾತ್ರ ಫೋನ್ ಬಳಸಬಹುದು. ಸ್ವಂತ ಕಾರಿನಲ್ಲಿ ನೆಂಟರ ಮನೆಗೆ ಹೊರಟವರ ಮಟ್ಟಿಗೆ ಇದು ಸರಿಯಾದ ನಿಯಮವೇ. ಆದರೆ ಡೆಲಿವರಿ ಸವಾರನ ಪರದೆಯಲ್ಲಿ ದಾರಿ ತೋರುವ ನಕ್ಷೆ, ಮುಂದಿನ ಆರ್ಡರು, ಗ್ರಾಹಕರ ಕರೆ, ದಿನದ ಸಂಪಾದನೆಯ ಲೆಕ್ಕ ಎಲ್ಲವೂ ಒಂದರ ಮೇಲೊಂದು ಬಂದು ಬೀಳುತ್ತವೆ. ನಕ್ಷೆಯನ್ನಷ್ಟೇ ನೋಡು, ಉಳಿದದ್ದನ್ನು ನೋಡಬೇಡ ಎಂದು ಕಣ್ಣಿಗೆ ಹೇಳುವುದು ಹೇಗೆ?

ಕೆಲಸ ಕೊಟ್ಟವರ ಹೊಣೆ ನಮ್ಮ ಕಾಯ್ದೆಗೆ ಅಪರಿಚಿತವೇನಲ್ಲ. ವೇಗಮಿತಿಯ 183ನೇ ಸೆಕ್ಷನ್ ನೋಡಿ. ತನ್ನ ನೌಕರನನ್ನು ಮಿತಿಮೀರಿ ಓಡಿಸಲು ಹಚ್ಚಿದವನೂ ಅಲ್ಲಿ ಅಪರಾಧಿ. ಮಿತಿ ಮೀರದೆ ಮುಗಿಸಲಾಗದಷ್ಟು ಬಿಗಿಯಾದ ವೇಳಾಪಟ್ಟಿಯನ್ನು ಹೊರಡಿಸಿದ್ದರೆ, ಅಥವಾ ಇಷ್ಟು ಹೊತ್ತಿಗೆ ತಲುಪಲೇಬೇಕೆಂದು ಅಪ್ಪಣೆ ಮಾಡಿದ್ದರೆ, ಹಾಗೆ ಮಾಡಿದವರ ವಿರುದ್ಧ ಆ ಕಾಗದವೇ ಮೇಲುನೋಟದ ಸಾಕ್ಷ್ಯವಾಗುತ್ತದೆ. ಬಸ್ಸು, ಲಾರಿಗಳ ಕಾಲದಲ್ಲಿ ಬರೆದ ಈ ಮಾತು ಹತ್ತು ನಿಮಿಷದ ಡೆಲಿವರಿಗೆಂದೇ ಬರೆದಂತಿದೆ. ಫೋನಿನ ವಿಷಯದಲ್ಲಿ ಅಂಥ ನೇರ ಮಾತಿಲ್ಲ. 184ನೇ ಸೆಕ್ಷನ್ನಿನ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ ಎನ್ನುವ 188ನೇ ಸೆಕ್ಷನ್ ಇದೆಯಾದರೂ, ಗಾಡಿ ಓಡಿಸುತ್ತಿರುವವನಿಗೆ ಕರೆ ಮಾಡಿದ್ದೇ ಕುಮ್ಮಕ್ಕು ಎಂದು ನ್ಯಾಯಾಲಯದಲ್ಲಿ ಸಾಧಿಸುವುದು ಸುಲಭದ ಕೆಲಸವಲ್ಲ.

ಬೇರೆ ಕೆಲವು ದೇಶಗಳು ಈ ಕೊಂಡಿಯನ್ನು ಬೆಸೆದಿವೆ. ಬ್ರಿಟನ್ನಿನಲ್ಲಿ 2003ರ ಡಿಸೆಂಬರ್ 1ರಂದು ಜಾರಿಯಾದ ನಿಯಮ, ಫೋನ್ ಹಿಡಿದು ಓಡಿಸುವವನ ಜೊತೆಗೆ ಹಾಗೆ ಓಡಿಸಲು ಕಾರಣನಾದವನನ್ನೂ, ಅವಕಾಶ ಕೊಟ್ಟವನನ್ನೂ ತಪ್ಪಿತಸ್ಥನೆಂದಿತು. ಅಮೆರಿಕ ಅಲ್ಲಿಗೆ ಬಂದದ್ದು ಸಾವುಗಳನ್ನು ಎಣಿಸಿಕೊಂಡು. 2008ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್ ಬಳಿ ರೈಲು ಚಾಲಕ ಮೆಸೇಜುಗಳಲ್ಲಿ ಮುಳುಗಿ ಕೆಂಪು ಸಿಗ್ನಲ್ ದಾಟಿದಾಗ 25 ಜನ ಸತ್ತರು. ಮರುವರ್ಷ ಅಕ್ಟೋಬರಿನಲ್ಲಿ ಅಧ್ಯಕ್ಷ ಒಬಾಮ, ಕೆಲಸದ ಮೇಲಿರುವ ಕೇಂದ್ರ ಸರ್ಕಾರಿ ನೌಕರರು ಚಾಲನೆಯ ವೇಳೆ ಮೆಸೇಜ್ ಮಾಡುವುದನ್ನು ನಿಷೇಧಿಸಿ ಆದೇಶ ಹೊರಡಿಸಿದರು. 2010ರ ಮಾರ್ಚ್ 26ರ ನಸುಕಿನಲ್ಲಿ ಕೆಂಟಕಿಯ ಮನ್‌ಫರ್ಡ್‌ವಿಲ್ ಬಳಿ ಲಾರಿಯೊಂದು ಹೆದ್ದಾರಿಯ ನಡುಪಟ್ಟಿಯನ್ನು ದಾಟಿ ವ್ಯಾನಿಗೆ ಗುದ್ದಿ 11 ಜನ ಸತ್ತರು. ತನಿಖೆಗಾರರು ಕರೆಗಳ ದಾಖಲೆ ತರಿಸಿ ನೋಡಿದರೆ, ಹಿಂದಿನ 24 ಗಂಟೆಗಳಲ್ಲಿ ಲಾರಿ ಚಾಲಕ ಗಾಡಿ ಓಡಿಸುತ್ತಲೇ 69 ಸಲ ಫೋನ್ ಬಳಸಿದ್ದ. ಕಡೆಯ ಕರೆಯ ಹೊತ್ತೂ ಲಾರಿ ರಸ್ತೆ ಬಿಟ್ಟ ಹೊತ್ತೂ ಒಂದೇ. 2012ರ ಜನವರಿ 3ರಿಂದ ಅಲ್ಲಿ ವಾಣಿಜ್ಯ ವಾಹನದ ಚಾಲಕ ಫೋನ್ ಕೈಯಲ್ಲಿ ಹಿಡಿಯುವಂತಿಲ್ಲ, ಕಂಪನಿ ಅದಕ್ಕೆ ಬಿಡುವಂತೆಯೂ ಇಲ್ಲ, ಒತ್ತಾಯಿಸುವಂತೆಯೂ ಇಲ್ಲ. ಆಗ ಗೊತ್ತುಮಾಡಿದ ಗರಿಷ್ಠ ದಂಡ ಚಾಲಕನಿಗೆ 2,750 ಡಾಲರ್, ಕಂಪನಿಗೆ 11,000. ಹೊರೆ ಎತ್ತ ವಾಲಬೇಕೆಂಬುದು ಆ ಎರಡು ಅಂಕಿಗಳಲ್ಲೇ ಇದೆ.

ಕೈಯಲ್ಲಿ ಹಿಡಿಯದಿದ್ದರೆ ಆಯಿತು, ಬ್ಲೂಟೂತ್ ಕೊಡಿಸಿದ್ದೇವಲ್ಲ ಎನ್ನುವ ಕಂಪನಿಗಳು ಎಲ್ಲೆಡೆ ಇವೆ. 2004ರ ನವೆಂಬರಿನಲ್ಲಿ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ವಿದ್ಯಾರ್ಥಿಗಳನ್ನು ಕರೆದೊಯ್ಯುತ್ತಿದ್ದ 12 ಅಡಿ ಎತ್ತರದ ಬಸ್ಸು, 10 ಅಡಿ 2 ಅಂಗುಲವಷ್ಟೇ ತೆರವಿದ್ದ ಕಲ್ಲಿನ ಕಮಾನು ಸೇತುವೆಗೆ ನುಗ್ಗಿ ಮೇಲ್ಛಾವಣಿ ಸೀಳಿಕೊಂಡಿತು. ಪಕ್ಕದ ಲೇನಿನಲ್ಲಿ ಹೋಗಿದ್ದರೆ ಬಸ್ಸು ಸಲೀಸಾಗಿ ದಾಟುತ್ತಿತ್ತು, ಎಚ್ಚರಿಕೆಯ ಫಲಕಗಳೂ ಇದ್ದವು. ಚಾಲಕನ ಎರಡು ಕೈಗಳೂ ಬಿಡುವಾಗಿದ್ದವು, ಆತ ಹ್ಯಾಂಡ್ಸ್‌ಫ್ರೀಯಲ್ಲಿ ಮಾತಾಡುತ್ತಿದ್ದ. ಫಲಕವಿರಲಿ, ಸೇತುವೆಯೇ ತನ್ನ ಕಣ್ಣಿಗೆ ಬೀಳಲಿಲ್ಲವೆಂದು ಹೇಳಿದ. ಚಾಲನೆಯ ವೇಳೆಯ ಕರೆಯಿಂದ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟಾಗುತ್ತದೆ, ಹ್ಯಾಂಡ್ಸ್‌ಫ್ರೀಯಿಂದ ಅದೇನೂ ತಗ್ಗುವುದಿಲ್ಲ ಎಂದು ಟೊರಾಂಟೊದ ಸಂಶೋಧಕರು 1997ರಲ್ಲೇ ತೋರಿಸಿದ್ದರು. ನಮ್ಮ 184ನೇ ಸೆಕ್ಷನ್ 2019ರಲ್ಲಿಯೂ ಕೈಗೆ ಅಂಟಿಕೊಂಡೇ ಉಳಿಯಿತು.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2021ರಲ್ಲಿ ಮೊಬೈಲ್ ಬಳಕೆಯಿಂದಾದ ಅಪಘಾತಗಳು 1,997, ಸತ್ತವರು 1,040 ಜನ. ಅವರಲ್ಲಿ ಎಷ್ಟು ಮಂದಿ ಕೆಲಸದ ಮೇಲಿದ್ದರು, ಫೋನಿನ ಆ ತುದಿಯಲ್ಲಿ ಯಾರಿದ್ದರು ಎಂಬುದನ್ನು ಈ ಅಂಕಿಗಳು ಹೇಳುವುದಿಲ್ಲ. 2022ರ ಕೊನೆಯಲ್ಲಿ ಬೆಂಗಳೂರಿನ 50 ಜಂಕ್ಷನ್ನುಗಳಲ್ಲಿ ಅಳವಡಿಸಿದ ಕ್ಯಾಮೆರಾಗಳು ಫೋನ್ ಹಿಡಿದ ಕೈಯನ್ನೂ ಗುರುತಿಸುತ್ತವೆ. ನೋಟಿಸು ಹೋಗುವುದು ವಾಹನದ ಮಾಲೀಕರ ಮೊಬೈಲಿಗೆ. ಹಳದಿ ಬೋರ್ಡಿನ ಗಾಡಿಯಾದರೆ ಅದು ಹಲವು ಸಲ ಟ್ರಾವೆಲ್ಸಿನ ಮಾಲೀಕರದು, ಅಂದರೆ ಎಲ್ಲಿದ್ದೀಯ ಎಂದು ಚಾಲಕನಿಗೆ ಕರೆ ಮಾಡಿದ್ದ ಕಚೇರಿಯದೇ. ಅವರು ನೋಟಿಸನ್ನು ಹಾಗೇ ಚಾಲಕನ ವಾಟ್ಸ್ಆ್ಯಪ್‌ಗೆ ಕಳಿಸಿ, ತಿಂಗಳ ಕೊನೆಗೆ ಸಂಬಳದಲ್ಲಿ ಆ ಮೊತ್ತವನ್ನು ಮುರಿದುಕೊಳ್ಳುತ್ತಾರೆ.