ಭೂಮಿಗೆ 6,000 ವರ್ಷ ಅನ್ನುವ ವಾದ ಎಲ್ಲಿಂದ ಬಂತು?

1981ರಲ್ಲಿ ಅಮೆರಿಕದ ಅರ್ಕಾನ್ಸಾಸ್ ರಾಜ್ಯ ಒಂದು ಕಾನೂನು ಮಾಡಿತು. ಶಾಲೆಯಲ್ಲಿ ವಿಕಾಸವಾದ ಕಲಿಸುವುದಾದರೆ ‘ಸೃಷ್ಟಿ ವಿಜ್ಞಾನ’ಕ್ಕೂ ಅಷ್ಟೇ ಜಾಗ ಕೊಡಬೇಕು ಅಂತ. ಭೂಮಿ ಹುಟ್ಟಿ ಜಾಸ್ತಿ ಕಾಲ ಆಗಿಲ್ಲ, ಭೂಮಿಯ ಪದರಗಳು ಇಡೀ ಲೋಕ ಮುಳುಗಿಸಿದ ಪ್ರಳಯದಿಂದ ಆದವು ಎಂಬುದೂ ಅದರಲ್ಲಿ ಸೇರಿತ್ತು. ಇದರ ವಿರುದ್ಧ ಕೋರ್ಟಿಗೆ ಹೋದವರಲ್ಲಿ ಮೊದಲ ಹೆಸರು ವಿಲಿಯಂ ಮೆಕ್ಲೀನ್ ಅವರದು. ಅವರು ಮೆಥಡಿಸ್ಟ್ ಪಾದ್ರಿ. ಜೊತೆಗೆ ಎಪಿಸ್ಕೋಪಲ್, ರೋಮನ್ ಕ್ಯಾಥೊಲಿಕ್ ಬಿಷಪ್‌ಗಳೂ ಇದ್ದರು. 1982ರ ಜನವರಿಯಲ್ಲಿ ಕಾನೂನು ಬಿದ್ದುಹೋಯಿತು. ಈ ಜಗಳ ದೇವರನ್ನು ನಂಬುವವರಿಗೂ ನಂಬದವರಿಗೂ ನಡುವಿನದು ಎನ್ನುವವರಿಗೆ ನಾನು ಮೊದಲು ಹೇಳುವುದು ಈ ಕೇಸಿನ ಕತೆಯನ್ನೇ.

6,000ದ ಲೆಕ್ಕ ಹಳೆಯದು, ನಿಜ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಬೈಬಲಿನ ವಂಶಾವಳಿ, ರಾಜರ ಆಳ್ವಿಕೆಯ ವರ್ಷ, ಬೇರೆ ದೇಶಗಳ ಹಳೆಯ ಚರಿತ್ರೆ ಎಲ್ಲವನ್ನೂ ತಾಳೆ ಹಾಕಿ, ಸೃಷ್ಟಿ ಆಗಿದ್ದು ಕ್ರಿ.ಪೂ. 4004ರಲ್ಲಿ ಎಂದರು. ಮುಂದೆ ಆ ಇಸವಿ ಇಂಗ್ಲಿಷ್ ಬೈಬಲಿನ ಅಂಚಿನಲ್ಲೇ ಅಚ್ಚಾಯಿತು. ಅಷರ್ ಅವರನ್ನು ಗೇಲಿ ಮಾಡುವುದು ಸರಿಯಲ್ಲ. ತಮ್ಮ ಕಾಲದಲ್ಲಿ ಕೈಗೆ ಸಿಕ್ಕ ದಾಖಲೆಗಳನ್ನು ಅವರು ಶ್ರದ್ಧೆಯಿಂದ ಓದಿದ್ದರು. ಕಲ್ಲನ್ನು ಓದುವುದು ಆಗಿನ್ನೂ ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ, ಅಷ್ಟೇ.

ಅದನ್ನು ಕಲಿಸಿದವರಲ್ಲಿ ಒಬ್ಬರು ಸ್ಕಾಟ್ಲೆಂಡಿನ ಜೇಮ್ಸ್ ಹಟನ್. 1788ರಲ್ಲಿ ಅವರು ಇಬ್ಬರು ಗೆಳೆಯರೊಂದಿಗೆ ದೋಣಿಯಲ್ಲಿ ಸಿಕ್ಕರ್ ಪಾಯಿಂಟ್ ಎಂಬ ಕಡಲಂಚಿಗೆ ಹೋದರು. ಅಲ್ಲಿ ಕೆಳಗಿನ ಬೂದು ಕಲ್ಲಿನ ಪದರಗಳು ಕಪಾಟಿನಲ್ಲಿಟ್ಟ ಪುಸ್ತಕಗಳ ಹಾಗೆ ನೆಟ್ಟಗೆ ನಿಂತಿವೆ. ಅವುಗಳ ತಲೆಯ ಮೇಲೆ ಕೆಂಪು ಮರಳುಗಲ್ಲಿನ ಪದರಗಳು ಅಡ್ಡಡ್ಡಲಾಗಿ ಮಲಗಿವೆ. ಇದು ಹೇಗಾಯಿತು ಯೋಚಿಸಿ. ಮೊದಲು ಕೆಸರು ನೀರಿನಡಿಯಲ್ಲಿ ಪದರ ಪದರವಾಗಿ ಕೂತು ಕಲ್ಲಾಗಬೇಕು. ಆ ಕಲ್ಲು ಮಡಚಿ, ಎದ್ದು ನಿಲ್ಲಬೇಕು. ಮೇಲಿನ ಭಾಗ ಮಳೆಗಾಳಿಗೆ ಸವೆದು ಹೋಗಬೇಕು. ಆಮೇಲೆ ಅದರ ಮೇಲೆ ಮರಳು ಬಂದು ಕೂತು, ಅದೂ ಕಲ್ಲಾಗಬೇಕು. ಒಂದೇ ವರ್ಷದ ಪ್ರವಾಹಕ್ಕೆ ಇಷ್ಟೆಲ್ಲ ಮಾಡಲು ಆಗುವುದಿಲ್ಲ.

ಇದನ್ನು ಒಪ್ಪಿಕೊಂಡವರಲ್ಲಿ ಪಾದ್ರಿಗಳೇ ಸಾಕಷ್ಟು ಜನ ಇದ್ದರು. ಕೇಂಬ್ರಿಜ್‌ನ ಆಡಂ ಸೆಜ್‌ವಿಕ್ ಪಾದ್ರಿಯೂ ಹೌದು, ಭೂವಿಜ್ಞಾನಿಯೂ ಹೌದು. ಮೇಲ್ಪದರದ ಜಲ್ಲಿ, ಮಣ್ಣೆಲ್ಲ ಬೈಬಲಿನಲ್ಲಿ ಬರುವ ನೋಹನ ಕಾಲದ ಪ್ರಳಯದ ಗುರುತು ಎಂದು ನಂಬಿದ್ದ ಅವರು 1831ರಲ್ಲಿ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿಯಲ್ಲಿ, ಎಲ್ಲರೆದುರು, ಆ ಮಾತನ್ನು ವಾಪಸ್ ತೆಗೆದುಕೊಂಡರು. ಡಾರ್ವಿನ್ ಪುಸ್ತಕ ಬಂದಿದ್ದು 28 ವರ್ಷ ಆದಮೇಲೆ. ಆಗ ಸೆಜ್‌ವಿಕ್ ಡಾರ್ವಿನ್ನರನ್ನು ಕಟುವಾಗಿ ವಿರೋಧಿಸಿದರು, ಆದರೂ ಭೂಮಿ ಹಳೆಯದು ಎಂಬ ಮಾತನ್ನು ಬಿಡಲಿಲ್ಲ. ವಿಕಾಸವಾದ ಕಲಿಸಿದ್ದಕ್ಕೆ ಅಮೆರಿಕದಲ್ಲಿ ಶಿಕ್ಷಕರೊಬ್ಬರ ಮೇಲೆ ನಡೆದ 1925ರ ಪ್ರಸಿದ್ಧ ಸ್ಕೋಪ್ಸ್ ಕೇಸಿನಲ್ಲಿ ವಿಕಾಸವಾದದ ವಿರುದ್ಧ ನಿಂತ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಕೂಡ, ಬೈಬಲಿನ ಸೃಷ್ಟಿಕತೆ ಇರುವ ಆದಿಕಾಂಡದ ಒಂದೊಂದು ದಿನ 24 ಗಂಟೆಯದೇ ಆಗಿರಬೇಕಿಲ್ಲ ಎಂದು ಕೋರ್ಟಿನಲ್ಲೇ ಒಪ್ಪಿಕೊಂಡರು.

ಹಾಗಾದರೆ ಈಗಿನ ವಾದ ಹುಟ್ಟಿದ್ದು ಯಾವಾಗ? ಪಳೆಯುಳಿಕೆ ಇರುವ ಪದರಗಳೆಲ್ಲ ಒಂದೇ ಪ್ರಳಯದಲ್ಲಿ ಆದವು ಎಂದು 1923ರಲ್ಲಿ ದೊಡ್ಡ ಪುಸ್ತಕ ಬರೆದವರು ಜಾರ್ಜ್ ಮೆಕ್ರೆಡಿ ಪ್ರೈಸ್. ಅವರು ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದವರು, ಭೂವಿಜ್ಞಾನವನ್ನು ಸ್ವಂತವಾಗಿ ಓದಿಕೊಂಡವರು. ಬೇರೆ ಚರ್ಚ್‌ಗಳವರು ಆಗ ಅಷ್ಟಾಗಿ ಕಿವಿಗೊಡಲಿಲ್ಲ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕ ಗಾಬರಿಯಾಗಿ ವಿಜ್ಞಾನದ ಪಠ್ಯ ಬದಲಿಸಿತು, ವಿಕಾಸವಾದ ಮತ್ತೆ ಶಾಲೆಗೆ ಬಂತು, ಅದೇ ಹೊತ್ತಿಗೆ, 1961ರಲ್ಲಿ, ಜಲಶಾಸ್ತ್ರದ ಎಂಜಿನಿಯರ್ ಹೆನ್ರಿ ಮಾರಿಸ್ ಮತ್ತು ಬೈಬಲ್ ಪಂಡಿತ ಜಾನ್ ವಿಟ್‌ಕಾಂಬ್ ಪ್ರೈಸ್ ಅವರ ವಾದಕ್ಕೆ ಹೊಸ ರೂಪ ಕೊಟ್ಟು ಒಂದು ಪುಸ್ತಕ ತಂದರು. ಅಲ್ಲಿಂದ ಇದು ಚಳವಳಿಯಾಯಿತು. ಅಂದರೆ ಅಜ್ಜ-ಮುತ್ತಜ್ಜರ ನಂಬಿಕೆ ಎನ್ನಿಸಿಕೊಳ್ಳುವ ಇದರ ಈಗಿನ ರೂಪಕ್ಕೆ ಸುಮಾರು ನೂರು ವರ್ಷ, ಅಷ್ಟೇ.

ಅಷ್ಟರಲ್ಲಿ ಭೂಮಿಯ ವಯಸ್ಸು ಅಳೆಯುವ ದಾರಿ ಸಿಕ್ಕಾಗಿತ್ತು. ಯುರೇನಿಯಂ ನಿಧಾನಕ್ಕೆ, ಗೊತ್ತಾದ ವೇಗದಲ್ಲಿ ಸೀಸವಾಗುತ್ತದೆ. 1956ರಲ್ಲಿ ಕ್ಲೇರ್ ಪ್ಯಾಟರ್‌ಸನ್ ಉಲ್ಕಾಶಿಲೆಗಳ ಸೀಸ ಅಳೆದು 455 ಕೋಟಿ ವರ್ಷ ಎಂದರು, ಆ ಸಂಖ್ಯೆ ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಇದೆ. ನಮ್ಮ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ ಎನ್ನುವುದೂ ಇಂಥ ವಿಕಿರಣದ ಲೆಕ್ಕದಿಂದಲೇ.

ಸೃಷ್ಟಿವಾದಿಗಳಿಗೆ ನುಂಗಲಾರದ ತುತ್ತು ಇದು. ಇನ್‌ಸ್ಟಿಟ್ಯೂಟ್ ಫಾರ್ ಕ್ರಿಯೇಷನ್ ರಿಸರ್ಚ್‌ನವರೇ 1997ರಿಂದ 2005ರವರೆಗೆ ಇದರ ಮೇಲೆ ಕೆಲಸ ಮಾಡಿದರು. ಕೊನೆಗೆ ಒಪ್ಪಿಕೊಂಡಿದ್ದೇನು ಗೊತ್ತಾ? ಈಗಿನ ವೇಗದಲ್ಲಿ ಲೆಕ್ಕ ಹಾಕಿದರೆ 50 ಕೋಟಿ ವರ್ಷಕ್ಕೂ ಹೆಚ್ಚು ಬೇಕಾಗುವಷ್ಟು ವಿಕಿರಣ ಕ್ಷಯ (ಯುರೇನಿಯಂ ಸೀಸವಾಗುವಂಥ ಬದಲಾವಣೆ) ಕಲ್ಲುಗಳಲ್ಲಿ ನಿಜಕ್ಕೂ ಆಗಿದೆ ಅಂತ. ಹಾಗಾಗಿ ಹಿಂದೆ ಆ ವೇಗ ವಿಪರೀತ ಇತ್ತು ಎಂದು ವಾದಿಸಿದರು. ಅಷ್ಟು ಕ್ಷಯ ಅಷ್ಟು ಬೇಗ ಆಗಿದ್ದರೆ ಹುಟ್ಟುವ ಶಾಖಕ್ಕೆ ಬಂಡೆಗಳೇ ಕರಗಿಹೋಗುತ್ತಿದ್ದವು. ಆ ಶಾಖ ಎಲ್ಲಿ ಹೋಯಿತು ಎಂಬುದು ಬಗೆಹರಿಯದ ಸಮಸ್ಯೆ ಎಂದು ಅವರೇ ಬರೆದುಕೊಂಡಿದ್ದಾರೆ. ಅದನ್ನು ಮುಚ್ಚಿಡದೆ ಬರೆದಿದ್ದು ಮೆಚ್ಚಬೇಕಾದ ವಿಷಯವೇ. ಆದರೆ ಅಲ್ಲಿಗೆ ವಾದ ಮುಗಿಯಿತು ಅಂತಲೇ ನನಗನಿಸುತ್ತದೆ.

1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಲೂಸಿಯಾನಾದ ಇಂಥದೇ ಕಾನೂನನ್ನು 7–2ರಲ್ಲಿ ರದ್ದು ಮಾಡಿತು. 2005ರಲ್ಲಿ ಅಮೆರಿಕದ್ದೇ ಡೋವರ್ ಊರಿನ ಕೇಸಿನಲ್ಲಿ ‘ಇಂಟೆಲಿಜೆಂಟ್ ಡಿಸೈನ್’, ಅಂದರೆ ಜೀವಿಗಳನ್ನು ಯಾವುದೋ ಬುದ್ಧಿಶಕ್ತಿ ರೂಪಿಸಿದೆ ಎನ್ನುವ ವಾದ, ಕೂಡ ಸೋತಿತು. ಆದರೆ ಈ ತೀರ್ಪುಗಳು ಸರ್ಕಾರಿ ಶಾಲೆಗಳಿಗೆ ಮಾತ್ರ. ಖಾಸಗಿ ಧಾರ್ಮಿಕ ಶಾಲೆಗಳಲ್ಲಿ, ಮನೆಯಲ್ಲೇ ಪಾಠ ಕಲಿಯುವ ಮಕ್ಕಳ ಪುಸ್ತಕಗಳಲ್ಲಿ ವಾದ ಮುಂದುವರಿದಿದೆ. ಕೆಂಟಕಿಯಲ್ಲಿ 2007ರಲ್ಲಿ ಸೃಷ್ಟಿ ಮ್ಯೂಸಿಯಂ, 2016ರಲ್ಲಿ 510 ಅಡಿ ಉದ್ದದ ನೋಹನ ನಾವೆಯ ಮಾದರಿ ತೆರೆದವು. ದೇವರು ಮನುಷ್ಯನನ್ನು ಕಳೆದ 10,000 ವರ್ಷದೊಳಗೆ ಈಗಿರುವ ರೂಪದಲ್ಲೇ ಸೃಷ್ಟಿಸಿದ ಎನ್ನುವ ಅಮೆರಿಕನ್ನರು ಗ್ಯಾಲಪ್ ಸಮೀಕ್ಷೆಯಲ್ಲಿ 1982ರಲ್ಲಿ ಶೇ 44 ಇದ್ದರು. 2024ರಲ್ಲಿ ಶೇ 37.