ಇಟಿ 48 ಅಂದರೆ ಒಳಗೆಷ್ಟು, ಹೊರಗೆಷ್ಟು?

ಅಲಾಯ್ ಚಕ್ರವನ್ನು ಬೋರಲು ಹಾಕಿದರೆ ಸ್ಪೋಕುಗಳ ಬೆನ್ನಲ್ಲಿ ಒಂದಿಷ್ಟು ಅಂಕಿಗಳು ಎರಕದಲ್ಲೇ ಮೂಡಿರುತ್ತವೆ: 17×7 ಜೆ (ಇಂಚಿನಲ್ಲಿ ವ್ಯಾಸ, ಅಗಲ; ಜೆ ರಿಮ್ಮಿನ ಅಂಚಿನ ಆಕಾರ), ಇಟಿ 48, 5×100 (100 ಮಿ.ಮೀ. ವ್ಯಾಸದ ವೃತ್ತದ ಮೇಲೆ ಐದು ಬೋಲ್ಟ್ ತೂತು). ಕೊಳ್ಳುವವರ ಕಣ್ಣು ಬೀಳುವುದು ಮೊದಲ ಅಂಕಿಯ ಮೇಲೆ. 17 ಇದ್ದದ್ದು 18 ಆಗಬೇಕು, ಆಗುವುದಾದರೆ 19. ಸ್ಪೋರ್ಟ್ಸ್ ಕಾರಿನ ನಡತೆಯನ್ನು ಕಾಯುವ ಅಥವಾ ಕೆಡಿಸುವ ಅಂಕಿ ಮಾತ್ರ ಅದರ ಪಕ್ಕದ ಇಟಿ.

ಇಟಿ ಎನ್ನುವುದು ಐನ್‌ಪ್ರೆಸ್‌ಟೀಫೆ ಎಂಬ ಜರ್ಮನ್ ಪದದ ಚುಟುಕು ರೂಪ. ರೂಢಿಯ ಮಾತಿನಲ್ಲಿ ಆಫ್‌ಸೆಟ್. ರಿಮ್ಮಿನ ಅಗಲದ ನಟ್ಟನಡುವೆ ಒಂದು ಗೆರೆ ಎಳೆದುಕೊಳ್ಳಿ. ಚಕ್ರ ಹಬ್ಬಿಗೆ (ಚಕ್ರವನ್ನು ಬಿಗಿಯುವ, ಅದರೊಂದಿಗೆ ತಿರುಗುವ ಭಾಗ) ಒತ್ತಿ ಕೂರುವ ಮುಖ ಆ ಗೆರೆಯಿಂದ ಎಷ್ಟು ಮಿಲಿಮೀಟರ್ ದೂರದಲ್ಲಿದೆ ಎಂಬುದೇ ಆಫ್‌ಸೆಟ್. ಆ ಮುಖ ಗೆರೆಗಿಂತ ಹೊರಬದಿಗಿದ್ದರೆ ಧನ, ಒಳಬದಿಗಿದ್ದರೆ ಋಣ. ಇಟಿ ಹೆಚ್ಚಿದಷ್ಟೂ ಚಕ್ರ ಕಾರಿನ ಒಳಕ್ಕೆ ಸೇರುತ್ತದೆ, ಇಳಿದಷ್ಟೂ ಹೊರಕ್ಕೆ ಚಾಚುತ್ತದೆ. ಹಬ್ಬಿಗೂ ಚಕ್ರಕ್ಕೂ ನಡುವೆ 5 ಮಿ.ಮೀ. ದಪ್ಪದ ಬಿಲ್ಲೆ, ಅಂದರೆ ಸ್ಪೇಸರ್, ತೂರಿಸಿದರೆ ಇಟಿ 48 ಇದ್ದದ್ದು 43 ಆದಂತೆಯೇ.

ಇಷ್ಟು ತಿಳಿದವರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಅಗಲ ಬದಲಾದರೆ ಬರೀ ಇಟಿಯನ್ನು ಇಟಿಗೆ ಹೋಲಿಸಿ ಪ್ರಯೋಜನವಿಲ್ಲ, ಏಕೆಂದರೆ ಹೆಚ್ಚುವರಿ ಅಗಲ ನಡುಗೆರೆಯ ಎರಡೂ ಕಡೆಗೆ ಅರ್ಧರ್ಧ ಹಂಚಿಹೋಗುತ್ತದೆ. 2012ರಲ್ಲಿ ಬಂದ ಟೊಯೋಟಾ 86 ಕಾರನ್ನೇ ನೋಡಿ. ಅದರ 17×7, ಇಟಿ 48 ಚಕ್ರ ತೆಗೆದು 18×8.5, ಇಟಿ 44 ಹಾಕುತ್ತೀರಿ ಅಂದುಕೊಳ್ಳೋಣ. ಇಟಿ ಬರೀ 4 ಮಿ.ಮೀ. ಇಳಿದಿದೆ. ಆದರೆ ಅಗಲ ಒಂದೂವರೆ ಇಂಚು, ಅಂದರೆ 38.1 ಮಿ.ಮೀ. ಹೆಚ್ಚಿದೆ, ಅರ್ಧಕ್ಕೆ 19. ಒಳ ಅಂಚು 19ರಲ್ಲಿ 4 ಕಳೆದು 15 ಮಿ.ಮೀ. ಸಸ್ಪೆನ್ಷನ್ ಕಡೆಗೆ ಸರಿಯುತ್ತದೆ. ಹೊರ ಅಂಚು 19ಕ್ಕೆ 4 ಕೂಡಿ 23 ಮಿ.ಮೀ. ಫೆಂಡರ್ (ಮಡ್ಗಾರ್ಡ್) ಕಡೆಗೆ ಬರುತ್ತದೆ. ನೆನಪಿಡಬೇಕಾದ ಲೆಕ್ಕ ಇದೊಂದೇ, ಮಾಡಲು ಕಾಗದದ ಚೂರು ಸಾಕು.

ಇದು ರಿಮ್ಮಿನ ಲೆಕ್ಕ. ಉಜ್ಜುವುದು ಬಹುಪಾಲು ಟೈರಿನ ಹೊಟ್ಟೆ. 215/45 ಆರ್ 17 (ಹೆಸರಿಗೆ 215 ಮಿ.ಮೀ. ಅಗಲ, ಪಕ್ಕಗೋಡೆಯ ಎತ್ತರ ಅದರ ಶೇ. 45, 17 ಇಂಚಿನ ರಿಮ್ಮಿಗೆ) ಟೈರ್ 7 ಇಂಚಿನ ರಿಮ್ಮಿನ ಮೇಲೆ ಸುಮಾರು 213 ಮಿ.ಮೀ. ಉಬ್ಬುತ್ತದೆ, 245/35 ಆರ್ 18 ಟೈರ್ 8.5ರ ಮೇಲೆ ಸುಮಾರು 248. ವ್ಯತ್ಯಾಸ 35, ಅರ್ಧ 17.5. ಹೀಗಾಗಿ ಟೈರಿನ ಮಟ್ಟಿಗೆ ಒಳಗೆ 13.5, ಹೊರಗೆ 21.5 ಮಿ.ಮೀ. ಜಾಗ ಬೇಕು. ಈಗಿರುವ ಚಕ್ರದ ಒಳಗೋಡೆಗೂ ಸ್ಟ್ರಟ್‌ಗೂ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದಾಗಿರುವ ಸಸ್ಪೆನ್ಷನ್ ಕಂಬ) ನಡುವಿನ ಅತಿ ಇಕ್ಕಟ್ಟಿನ ಜಾಗ ಅಳೆದು ಅದರಲ್ಲಿ 13.5 ಕಳೆಯಿರಿ. ಮಿಕ್ಕದ್ದು 5 ಮಿ.ಮೀ.ಗಿಂತ ಕಡಿಮೆಯಾದರೆ ಆ ಚಕ್ರದ ಆಸೆ ಬಿಡುವುದೇ ಲೇಸು, ತಿರುವಿನಲ್ಲಿ ಟೈರ್ ಬಾಗುತ್ತದೆ.

ನಿಂತ ಕಾರಿನಲ್ಲಿ ಅಳೆದದ್ದು ಅರ್ಧಸತ್ಯ ಮಾತ್ರ. ಕಾರನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಆಂಟಿ ರೋಲ್ ಬಾರ್‌ನ ಲಿಂಕ್ ಕಳಚಿ, ಸಸ್ಪೆನ್ಷನ್ನಿನ ಕೆಳತೋಳಿನ ಅಡಿಗೆ ಜಾಕ್ ಕೊಟ್ಟು, ಕಾರು ಸ್ಟ್ಯಾಂಡಿನಿಂದ ಏಳುವ ಹಂತದವರೆಗೆ ಚಕ್ರವನ್ನು ಎತ್ತಿ. ಫೆಂಡರಿನ ಒಳ ಅಂಚಿಗೂ ಸ್ಟ್ರಟ್‌ಗೂ ಮಕ್ಕಳು ಆಡುವ ಮೇಣದ ಮಣ್ಣಿನ ಉಂಡೆ ಮೆತ್ತಿ, ಸ್ಟಿಯರಿಂಗನ್ನು ಎರಡೂ ತುದಿಗೆ ತಿರುಗಿಸಿ. ಉಂಡೆ ಎಷ್ಟು ತೆಳುವಾಗಿ ಚಪ್ಪಟೆಯಾಯಿತೋ ಅಷ್ಟೇ ನಿಮಗಿರುವ ಜಾಗ.

ಡಿಸ್ಕನ್ನು ಅಮುಕಿ ಹಿಡಿಯುವ ಬ್ರೇಕ್ ಭಾಗವಾದ ಕ್ಯಾಲಿಪರ್ ವಿಷಯ ಬೇರೆ. ಅಗಲ, ಇಟಿ ಎರಡೂ ಒಂದೇ ಆಗಿರುವ ಎರಡು ಚಕ್ರಗಳಲ್ಲಿ ಒಂದು ದೊಡ್ಡ ಬ್ರೇಕನ್ನು ದಾಟುತ್ತದೆ, ಇನ್ನೊಂದರ ಸ್ಪೋಕ್ ಕ್ಯಾಲಿಪರಿಗೆ ತಾಗುತ್ತದೆ. ಸ್ಪೋಕಿನ ಬಾಗು ಯಾವ ಅಂಕಿಯಲ್ಲೂ ಇರುವುದಿಲ್ಲ. ಬ್ರೇಕ್ ತಯಾರಕರು ಕೊಡುವ ನಿಜಗಾತ್ರದ ನಕ್ಷೆಯನ್ನು ರಟ್ಟಿನ ಮೇಲೆ ಕತ್ತರಿಸಿ ಚಕ್ರದೊಳಗೆ ತಿರುಗಿಸಿ ನೋಡುವುದೇ ದಾರಿ.

ಇಟಿ 48ರ ಬದಲು 30 ಹಾಕಿ ಚಕ್ರವನ್ನು ಫೆಂಡರಿನ ಅಂಚಿಗೆ ತರುವ ಷೋಕಿಯೂ ಇದೆ. ನೋಟ ಚೆನ್ನ, ಒಪ್ಪೋಣ. ಆದರೆ ಮುಂದಿನ ಚಕ್ರ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ, ಅದು ನೆಲ ಮುಟ್ಟುವ ಬಿಂದುವಿಗೂ ಟೈರಿನ ನೆಲಗಚ್ಚಿನ (ನೆಲಕ್ಕೆ ಒತ್ತಿರುವ ಭಾಗದ) ನಡುವಿಗೂ ಇರುವ ಅಂತರವೇ ಸ್ಕ್ರಬ್ ರೇಡಿಯಸ್. ಇಟಿ 18 ಇಳಿಸಿದರೆ ನೆಲಗಚ್ಚು 18 ಮಿ.ಮೀ. ಹೊರಕ್ಕೆ ಹೋಗುತ್ತದೆ. ಬಾಗಿಲನ್ನು ಕೀಲಿನಿಂದ ದೂರದಲ್ಲಿ ತಳ್ಳಿದಷ್ಟೂ ಸುಲಭವಾಗಿ ತಿರುಗುವ ಹಾಗೆ, ಗುಂಡಿಯ ಪೆಟ್ಟು, ಒಂದೇ ಬದಿ ಗಟ್ಟಿಯಾಗಿ ಹಿಡಿದ ಬ್ರೇಕ್, ರಸ್ತೆಯ ಗಾಡಿಜಾಡು ಎಲ್ಲವೂ ಸ್ಟಿಯರಿಂಗನ್ನು ಕೈಯಿಂದ ಕಸಿಯತೊಡಗುತ್ತವೆ. ಚಕ್ರದ ಬೇರಿಂಗಿಗೂ ಹೊರೆ ಹೆಚ್ಚುತ್ತದೆ. ಒಳಗೆ ಜಾಗವಿರುವಾಗ ಅದನ್ನು ಬಳಸದೆ ಹೊರಕ್ಕೆ ಹೋಗುವುದು ನಮ್ಮ ಮಟ್ಟಿಗೆ ನಷ್ಟದ ವ್ಯಾಪಾರ.

ವ್ಯಾಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ರೇಕು ಒಳಗೆ ಹಿಡಿಸುವ ಅತಿ ಚಿಕ್ಕ ಚಕ್ರವೇ ವೇಗದ ಕಾರಿಗೆ ಒಳ್ಳೆಯದು. ಅಂಚಿನ ತೂಕ ಸಾಗಬೇಕು, ಜೊತೆಗೆ ತಿರುಗಲೂಬೇಕು: 630 ಮಿ.ಮೀ. ಟೈರಿನೊಳಗಿನ 18 ಇಂಚಿನ ರಿಮ್ಮಿನ ಅಂಚಿಗೆ ಸೇರಿದ ಒಂದು ಕಿಲೋ, ವೇಗ ಏರಿಸುವಾಗ ಕಾರಿಗೆ ಸುಮಾರು ಒಂದೂವರೆ ಕಿಲೋ ಹೇರಿದಂತೆ. ಟೈರ್ ಸೇರಿದ ಒಟ್ಟು ವ್ಯಾಸ ಮಾತ್ರ ಮೂಲದ ಹತ್ತಿರವೇ ಇರಲಿ. 215/45 ಆರ್ 17ರ ವ್ಯಾಸ 625 ಮಿ.ಮೀ., 245/35 ಆರ್ 18ರದು 629, ಏನೂ ತೊಂದರೆಯಿಲ್ಲ. 225/40 ಆರ್ 18 ಆದರೆ 637, ಶೇ. 1.9 ಹೆಚ್ಚು, ಮೀಟರಿನ ಮುಳ್ಳು ಮೊದಲಿನದೇ ಜಾಗದಲ್ಲಿದ್ದರೂ ಕಾರಿನ ನಿಜವಾದ ವೇಗ ಅಷ್ಟರಮಟ್ಟಿಗೆ ಹೆಚ್ಚಿರುತ್ತದೆ. ನಾಲ್ಕೂ ಚಕ್ರಕ್ಕೆ ಸದಾ ಎಂಜಿನ್ ಬಲ ಹೋಗುವ ಕಾರಿನಲ್ಲಿ ಹಿಂದೆ ಮುಂದೆ ವ್ಯಾಸ ಬೇರೆಯಾದರೆ ಎರಡೂ ಕಡೆಗೆ ಬಲ ಹಂಚುವ ನಡುವಿನ ಡಿಫರೆನ್ಷಿಯಲ್ ಬಿಡುವಿಲ್ಲದೆ ಸವೆಯುತ್ತದೆ.

ಬೋಲ್ಟ್ ತೂತುಗಳ ವೃತ್ತದಲ್ಲಿ ‘ಹೆಚ್ಚುಕಡಿಮೆ’ ಎಂಬ ಮಾತೇ ಇಲ್ಲ. 5×112ರ ಚಕ್ರ 5×114.3ರ ಹಬ್ಬಿಗೆ ಬಿಗಿಯಾಗಿ ಕೂತಂತೆ ಕಂಡೀತು. ವ್ಯಾಸದಲ್ಲಿ 2.3 ಮಿ.ಮೀ. ವ್ಯತ್ಯಾಸವಿರುವುದರಿಂದ ಪ್ರತಿ ಸ್ಟಡ್ಡೂ (ಹಬ್ಬಿನಿಂದ ಹೊರಚಾಚಿ ನಟ್ ಹಿಡಿಯುವ ತಿರುಪುಕಡ್ಡಿ) 1 ಮಿ.ಮೀ.ಗಿಂತ ಹೆಚ್ಚು ವಾರೆಯಾಗಿ ಎಳೆಯಲ್ಪಟ್ಟು ಕೊನೆಗೆ ತುಂಡಾಗುತ್ತದೆ. ಶಂಕುವಿನಾಕಾರದ ತೂತಿಗೆ ಗೋಳಾಕಾರದ ತಲೆಯ ನಟ್ ಹಾಕುವುದೂ ಇದೇ ಜಾತಿಯ ತಪ್ಪು; ತಾಗುವುದು ಕೂದಲೆಳೆಯಷ್ಟು ಅಂಚು, ಸಡಿಲಾಗುವುದು ಖಚಿತ. ಸ್ಪೇಸರ್ ಹಾಕಿದವರು ನಟ್ ಎಷ್ಟು ಸುತ್ತು ಹಿಡಿಯುತ್ತದೆ ಎಂದು ಎಣಿಸಲಿ. 12 ಮಿ.ಮೀ. ದಪ್ಪದ ಸ್ಟಡ್ಡಿನ ಮೇಲೆ ಕನಿಷ್ಠ 12 ಮಿ.ಮೀ. ಹಿಡಿತ ಬೇಕು, ತಿರುಪಿನ ಒಂದೆಳೆಯಿಂದ ಇನ್ನೊಂದೆಳೆಗೆ ಅಂತರ 1.25 ಮಿ.ಮೀ. ಆದರೆ ಸುಮಾರು ಹತ್ತು ಸುತ್ತು, 1.5 ಆದರೆ ಎಂಟು.

ಬ್ಯಾಲೆನ್ಸ್ ಮಾಡಿಸಿ ಬಂದ ಮೇಲೂ ಹೆದ್ದಾರಿಯ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತಿದ್ದರೆ ಚಕ್ರದ ನಡುತೂತು ನೋಡಿ. ಟೊಯೋಟಾ 86ರ ಹಬ್ಬಿಗೆ 56.1 ಮಿ.ಮೀ. ತೂತು ಬೇಕು. ಹತ್ತಾರು ಕಾರುಗಳಿಗೆ ಆಗಲೆಂದು ಮಾಡಿದ ಚಕ್ರಗಳಲ್ಲಿ ಅದು 73.1 ಇರುವುದುಂಟು. ನಡುವಿನ ಸಂದು ತುಂಬುವ ಉಂಗುರ ಹಾಕದಿದ್ದರೆ ಚಕ್ರ ಕೂದಲೆಳೆಯಷ್ಟು ಕೇಂದ್ರ ತಪ್ಪಿ ಕೂರುತ್ತದೆ. ಉಂಗುರ ಹಾಕುವ ಮುನ್ನ ಹಬ್ಬಿನ ಮುಖದ ತುಕ್ಕನ್ನು ತಂತಿಬ್ರಷ್‌ನಿಂದ ಕೆರೆದು ತೆಗೆಯಿರಿ. ಚಕ್ರ ಇನ್ನೂ ನೆಲದಿಂದ ಮೇಲಿರುವಾಗಲೇ ನಟ್‌ಗಳನ್ನು ಎದುರುಬದುರಾಗಿ ಕೂರಿಸಿ, ಇಳಿಸಿದ ಮೇಲೆ ಕಾರಿನ ಕೈಪಿಡಿಯ ಅಂಕಿಗೆ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಹೊಸ ಅಲಾಯ್‌ನ ಬಣ್ಣ, ಲೇಪ ಒತ್ತಡಕ್ಕೆ ಕುಗ್ಗುತ್ತವೆ, ಹಾಗಾಗಿ 80ರಿಂದ 100 ಕಿ.ಮೀ. ಓಡಿದ ನಂತರ ಚಕ್ರ ತಣ್ಣಗಾದಾಗ ರೆಂಚ್ ಮತ್ತೊಮ್ಮೆ ಕೈಗೆ ಬರಲಿ.